ಸಾಯಿಸದ ಗುಂಡು
ಬಂದೂಕಿನಿಂದ ಹೊರಟ ಗುಂಡಿನ ಬಲ ಕೊನೆತನಕ ಒಂದೇ ಸಮ ಇರುವುದಿಲ್ಲ, ನೋಡಿ. ಗಾಳಿಯ ತಡೆಗೆ ಸಿಕ್ಕಿ ವೇಗ ಅರ್ಧಕ್ಕಿಳಿದರೆ ಶಕ್ತಿ ಕಾಲು ಭಾಗಕ್ಕೆ ಕುಸಿಯುತ್ತದೆ. ಬೇಟೆಗಾರರು ಬಳಸುವ ಮೆದು ಸೀಸದ ಮೂತಿಯ ಗುಂಡು ವೇಗವಾಗಿ ಬಡಿದರೆ ಅಣಬೆಯಂತೆ ಅರಳುತ್ತದೆ. ದೊಡ್ಡ ಪ್ರಾಣಿಯೂ ಬೇಗ ಉರುಳುತ್ತದೆ. ಬಹುದೂರ ಸಾಗಿ ವೇಗ ಕುಂದಿದ ಗುಂಡು ಅರಳದೆ, ಬರೀ ಸಣ್ಣ ತೂತು ಕೊರೆಯಬಹುದು. ಆಗ ಪ್ರಾಣಿ ಗಾಯಗೊಂಡು ಕಾಡು ಸೇರುತ್ತದೆ.

ಗುಂಡು ತಗುಲಿಯೂ ಸಾಯದ ಪ್ರಾಣಿ ಏನಾಗುತ್ತದೆ? ಕುಮಾವೂಂ ಬೆಟ್ಟಗಳ ಚಂಪಾವತ್ ಹೆಣ್ಣುಹುಲಿಯನ್ನು ಜಿಮ್ ಕಾರ್ಬೆಟ್ 1907ರಲ್ಲಿ ಕೊಂದಾಗ, ಅದರ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು. ಹಳೆಯ ಗುಂಡೇಟೇ ಇದಕ್ಕೆ ಕಾರಣ, ಸಹಜ ಬೇಟೆ ಆಗದೆ ಅದು ನರಭಕ್ಷಕವಾಯಿತು ಎಂದು ಅವರು ಬರೆದರು. ಅದಕ್ಕೆ ಬಲಿಯಾದವರು 436 ಮಂದಿಯೆಂಬುದು ಅವರದೇ ಲೆಕ್ಕ. ಯಾರೋ ಹಾರಿಸಿದ ಗುಂಡಿಗೆ ಬೆಲೆ ತೆತ್ತವರು ಹಳ್ಳಿಗರು.