ಎದೆಗುಂದಿದ ಕಾಲದಲ್ಲಿ ಕ್ರೈಸ್ತ ನಿರೀಕ್ಷೆ

ಕ್ರೈಸ್ತ ನಿರೀಕ್ಷೆಗೆ ಬೈಬಲು ಒದಗಿಸುವ ಮೊದಲ ಭಾಷೆ ಗೋಳಿನ ಭಾಷೆ. ಕೀರ್ತನೆಗಳ ಗ್ರಂಥದ 150 ಹಾಡುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅಳಲಿನವು. ರೋಗ, ಶತ್ರುಭಯ, ಆಪ್ತರ ದ್ರೋಹ, ಎಲ್ಲಕ್ಕಿಂತ ಹೆಚ್ಚಾಗಿ ದೇವರ ಮೌನ ಅಲ್ಲಿ ಮತ್ತೆ ಮತ್ತೆ ಬರುತ್ತವೆ. 13ನೆಯ ಕೀರ್ತನೆ ಇದೆಲ್ಲ ಎಲ್ಲಿಯ ತನಕ ಎಂದು ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಇಂಥ ಹಾಡನ್ನು ಸಂಗ್ರಹದಿಂದ ಕೈಬಿಡುವುದು ಕಷ್ಟವೇನೂ ಇರಲಿಲ್ಲ. ಯೆಹೂದ್ಯರು ಬಿಡಲಿಲ್ಲ, ಅವರಿಂದ ಅದನ್ನು ಪಡೆದ ಸಭೆಯೂ ಬಿಡಲಿಲ್ಲ. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದದ್ದು 22ನೆಯ ಕೀರ್ತನೆಯ ಮೊದಲ ಮಾತು, ಕೈಬಿಡಲ್ಪಟ್ಟವನ ಕೂಗು. ದೇವರ ಮಗನೇ ಆಡಿದ ಮಾತನ್ನು ಆಡಲು ಯಾವ ವಿಶ್ವಾಸಿಯೂ ನಾಚಬೇಕಾಗಿಲ್ಲ. ದೂರು ಹೇಳಿಕೊಳ್ಳುವವನಿಗೆ ಕೇಳುವವನೊಬ್ಬನಿದ್ದಾನೆ ಎಂಬ ನಂಬಿಕೆ ಇದ್ದೇ ಇರುತ್ತದೆ. ನಂಬಿಕೆ ಪೂರ್ತಿ ಬತ್ತಿದವನು ದೇವರ ಜತೆ ಜಗಳವನ್ನೂ ಆಡುವುದಿಲ್ಲ.

ಸಭೆಗಳಲ್ಲಿ ಹೆಚ್ಚಾಗಿ ಆಗುವ ತಪ್ಪು ಇಲ್ಲೇ. ಮಗುವನ್ನು ಕಳೆದುಕೊಂಡವರ ಮನೆಗೆ, ಕೆಲಸ ಹೋದವರ ಮನೆಗೆ ಹೋದವರು ಕೂರುವ ಮೊದಲೇ ಸಮಾಧಾನ ಹೇಳಲು ಶುರುಮಾಡುತ್ತಾರೆ. ಎಲ್ಲವೂ ಒಳ್ಳೆಯದಕ್ಕೇ ಎನ್ನುತ್ತಾರೆ, ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎನ್ನುತ್ತಾರೆ. ಯೋಬನ ಗ್ರಂಥ ಇದಕ್ಕೆ ದೊಡ್ಡ ಎಚ್ಚರಿಕೆ. ಯೋಬನ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಷ್ಟರ ಮಟ್ಟಿಗೆ ಅವರು ಮಾಡಿದ್ದು ಸರಿಯಾಗಿತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. ಕಷ್ಟ ಬಂದದ್ದು ಪಾಪಕ್ಕೇ ಎಂದು ಅಧ್ಯಾಯಗಟ್ಟಲೆ ವಾದಿಸಿದರು. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾದದ್ದು ತನ್ನ ಪಕ್ಷ ವಹಿಸಿ ಮಾತಾಡಿದ ಆ ಗೆಳೆಯರ ಮೇಲೆ; ತನ್ನನ್ನೇ ಪ್ರಶ್ನಿಸಿದ ಯೋಬನದು ಸರಿಯಾದ ಮಾತು ಎಂದು ತೀರ್ಪು ಕೊಟ್ಟನು.

ಎದೆಗುಂದಿದವನನ್ನು ದೇವರು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದಕ್ಕೆ ಬೈಬಲಿನಲ್ಲಿ ಪ್ರವಾದಿ ಎಲೀಯನ ಪ್ರಸಂಗಕ್ಕಿಂತ ಸ್ಪಷ್ಟವಾದ ಚಿತ್ರ ಇನ್ನೊಂದಿಲ್ಲ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ದೇವತೆಯ ಪ್ರವಾದಿಗಳೆದುರು ಗೆದ್ದವನು ಈಜೆಬೆಲ್ ರಾಣಿಯ ಒಂದು ಬೆದರಿಕೆಗೆ ಹೆದರಿ ಬೇರ್ಷೆಬಕ್ಕೆ ಓಡುತ್ತಾನೆ. ಆಳನ್ನು ಅಲ್ಲೇ ಬಿಟ್ಟು ಒಬ್ಬನೇ ಒಂದು ದಿನದ ದಾರಿ ಅಡವಿಯಲ್ಲಿ ನಡೆದು, ಗಿಡವೊಂದರ ಕೆಳಗೆ ಕೂತು ಸಾವು ಕೇಳುತ್ತಾನೆ, ಹಾಗೇ ನಿದ್ದೆ ಹೋಗುತ್ತಾನೆ. ದೊಡ್ಡ ಗೆಲುವಿನ ಬೆನ್ನಿಗೇ ಬರುವ ಈ ಕುಸಿತವನ್ನು ಬಲ್ಲವರು ಬಹಳ ಮಂದಿ. ದೇವದೂತ ಬರುತ್ತಾನೆ, ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ತಲೆಯ ಬಳಿ ಇಟ್ಟು ತಟ್ಟಿ ಎಬ್ಬಿಸುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಊಟವೇ ಬರುತ್ತದೆ. ಆಮೇಲೆ 40 ದಿನದ ನಡಿಗೆ, ಹೋರೇಬ್ ಬೆಟ್ಟ, ಗುಹೆ. ಇಲ್ಲಿಗೇಕೆ ಬಂದೆ ಎಂದು ದೇವರು ಎರಡು ಸಲ ಕೇಳುತ್ತಾನೆ. ಎಲೀಯ ಎರಡು ಸಲವೂ ಅದೇ ಗೋಳನ್ನು ಅದೇ ಮಾತಿನಲ್ಲಿ ಹೇಳುತ್ತಾನೆ. ಅವನ ಮನಸ್ಸು ಇನ್ನೂ ಗೆಲುವಾಗಿರಲಿಲ್ಲ. ಆದರೂ ಅವನಿಗೆ ಕೆಲಸ ಸಿಕ್ಕಿತು: ಹೋಗಿ ಎಲೀಷನನ್ನು ಜತೆಗಾರನಾಗಿ ಕರೆ ಎಂಬ ಅಪ್ಪಣೆಯಾಯಿತು. ತಾನೊಬ್ಬನೇ ಉಳಿದಿದ್ದೇನೆ ಎನ್ನುತ್ತಿದ್ದವನಿಗೆ ಬಾಳನಿಗೆ ಮಂಡಿಯೂರದ 7,000 ಮಂದಿ ಇದ್ದಾರೆಂಬ ಸುದ್ದಿಯೂ ತಿಳಿಯಿತು. ಅನ್ನ, ನಿದ್ದೆ, ಕೇಳುವ ಕಿವಿ, ಜತೆಗಾರ, ಮುಂದಿನ ಕೆಲಸ. ಮನಸ್ಸು ಸರಿಹೋದ ಮೇಲೆ ಇವೆಲ್ಲ ಎಂದು ದೇವರು ಕಾಯಲಿಲ್ಲ.

ನಿರೀಕ್ಷೆ ಮನಸ್ಸಿನ ಉಲ್ಲಾಸಕ್ಕೆ ಕಾಯುವುದಿಲ್ಲ ಎಂಬುದಕ್ಕೆ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯದಲ್ಲಿ ಒಂದು ಕ್ರಯಪತ್ರವೇ ಸಾಕ್ಷಿ. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿತ್ತು. ಊರು ಬೀಳುತ್ತದೆಂದು ಹೇಳಿದ್ದಕ್ಕೆ ಪ್ರವಾದಿ ಸೆರೆಯಲ್ಲಿದ್ದ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನ ಹೊಲವನ್ನು ಕೊಳ್ಳೆಂದ. ಆ ಸೀಮೆ ಆಗಲೇ ಶತ್ರುಗಳ ಕೈ ಸೇರುತ್ತಿತ್ತು. ಲೌಕಿಕರ ಲೆಕ್ಕದಲ್ಲಿ ಆ ಹೊಲಕ್ಕೆ ಕವಡೆಯ ಬೆಲೆಯೂ ಇರಲಿಲ್ಲ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ, ಪತ್ರ ಬರೆಸಿದ, ಸಾಕ್ಷಿ ಹಾಕಿಸಿದ. ಮುದ್ರೆಯೊತ್ತಿದ ಪ್ರತಿ, ತೆರೆದ ಪ್ರತಿ ಎರಡನ್ನೂ ತನ್ನ ಲಿಪಿಕಾರ ಬಾರೂಕನ ಕೈಗಿತ್ತು, ಬಹುಕಾಲ ಕೆಡದಂತೆ ಮಣ್ಣಿನ ಗಡಿಗೆಯಲ್ಲಿಡಲು ಹೇಳಿದ. ಈ ನೆಲದಲ್ಲಿ ಮತ್ತೆ ಮನೆ ಹೊಲ ತೋಟಗಳ ಕ್ರಯವಿಕ್ರಯ ನಡೆಯುವುದು ಎಂಬುದು ಆ ಖರೀದಿಯ ಅರ್ಥವಾಗಿತ್ತು. ಪತ್ರಕ್ಕೆ ರುಜು ಹಾಕಿದ ಮೇಲೂ ಅವನಿಗೆ ಸಂಶಯ ಬಂತು, ಪ್ರಾರ್ಥನೆಯಲ್ಲಿ ಅದನ್ನು ದೇವರೊಂದಿಗೆ ತೋಡಿಕೊಂಡ. ಅವನು ಆ ಹೊಲದಲ್ಲಿ ಉತ್ತು ಬೆಳೆದನೆಂದು ಎಲ್ಲೂ ಬರೆದಿಲ್ಲ. ಪಟ್ಟಣ ಬಿದ್ದ ಮೇಲೆ ಜನ ಅವನನ್ನು ಈಜಿಪ್ಟಿಗೆ ಕರೆದೊಯ್ದರು.

ಹೊಸ ಒಡಂಬಡಿಕೆಯಲ್ಲಿ ನಿರೀಕ್ಷೆಯ ನೆಲಗಟ್ಟು ಯೇಸುವಿನ ಪುನರುತ್ಥಾನ. ಅಲ್ಲಿಯೂ ಮೊದಲು ಬರುವುದು ಸೋತವರ ಮಾತು. ಲೂಕನ ಸುವಾರ್ತೆಯಲ್ಲಿ ಯೆರೂಸಲೇಮಿನಿಂದ ಎಮ್ಮಾವು ಎಂಬ ಹಳ್ಳಿಗೆ ಹೊರಟ ಇಬ್ಬರು ಶಿಷ್ಯರು ತಮ್ಮ ನಿರೀಕ್ಷೆ ಮುಗಿದ ಕತೆಯನ್ನು ಗುರುತು ಸಿಗದ ಸಹಪ್ರಯಾಣಿಕನಿಗೆ ಹೇಳುತ್ತಾರೆ. ಅವನು ಅವರಿಂದ ಅದನ್ನು ಪೂರ್ತಿ ಹೇಳಿಸುತ್ತಾನೆ. ಗುರುತು ಸಿಗುವುದು ರೊಟ್ಟಿ ಮುರಿಯುವಾಗ. ಯೋಹಾನನ ಸುವಾರ್ತೆಯಲ್ಲಿ ಎದ್ದುಬಂದ ಯೇಸುವಿನ ಮೈಮೇಲೆ ಮೊಳೆಯ ಗಾಯಗಳು ಹಾಗೇ ಇವೆ, ತೋಮನಿಗೆ ಅವನು ತೋರಿಸುವುದು ಅವನ್ನೇ. ಪೌಲನದೂ ಇದೇ ದಾರಿ. ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಅವನು ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ನಿರೀಕ್ಷೆ ಹುಟ್ಟುತ್ತದೆಂದು ಬರೆದ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಬದುಕಿನ ಆಸೆಯನ್ನೇ ಬಿಟ್ಟಿದ್ದೆವೆಂದು ಒಪ್ಪಿಕೊಂಡವನೂ ಅವನೇ. ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದ. ಕೃಪೆ ಸಿಕ್ಕಿತು, ಮುಳ್ಳು ಮಾತ್ರ ಉಳಿಯಿತು.

ಈ ಬೋಧನೆ ಬದುಕಿನಲ್ಲಿ ಹೇಗಿರುತ್ತದೆ ಎಂಬುದಕ್ಕೆ ಕನ್ನಡಕ್ಕೂ ಸಂಬಂಧಪಟ್ಟ ಒಂದು ಚರಿತ್ರೆಯಿದೆ. ಬಂಗಾಳದ ಹೂಗ್ಲಿ ನದಿಯ ದಂಡೆಯ ಸೆರಾಂಪುರ ಆಗ ಡೇನಿಷರ ಆಡಳಿತದಲ್ಲಿತ್ತು. 1800ರಲ್ಲಿ ಮಿಷನರಿಗಳಾದ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಅಲ್ಲಿ ಒಟ್ಟಾಗಿ ನೆಲೆಸಿ ಅಚ್ಚುಕೂಟ ಕಟ್ಟಿದರು. ಕೇರಿ ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು, ಭಾಷೆಗಳನ್ನು ಸ್ವಂತ ದುಡಿಮೆಯಿಂದ ಕಲಿತವನು. ಇಂಡಿಯಾದ ಹತ್ತಾರು ಭಾಷೆಗಳಿಗೆ ಬೈಬಲನ್ನು ತರುವುದು ಅವರ ಗುರಿ. ಕನ್ನಡವೂ ಅವುಗಳಲ್ಲೊಂದು.

1812ರ ಮಾರ್ಚ್ 11ರ ಸಂಜೆ ಅಚ್ಚುಕೂಟದ ಕಾಗದದ ದಾಸ್ತಾನಿಗೆ ಬೆಂಕಿ ಬಿತ್ತು. ವಾರ್ಡ್ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಚಾವಣಿಗೆ ಕಿಂಡಿ ಕೊರೆಸಿ, ಗಂಟೆಗಟ್ಟಲೆ ನೀರು ಹೊಯ್ಯಿಸಿದ. ಬೆಂಕಿ ಹತೋಟಿಗೆ ಬರುತ್ತಿದ್ದಾಗ ಸಹಾಯಕ್ಕೆಂದು ಬಂದ ಯಾರೋ ಕಿಟಕಿ ತೆರೆದರು. ಗಾಳಿ ನುಗ್ಗಿತು, ನಡುರಾತ್ರಿಯ ಹೊತ್ತಿಗೆ ಚಾವಣಿ ಕುಸಿಯಿತು. ಹಲವು ಲಿಪಿಗಳ ಅಚ್ಚುಮೊಳೆಗಳು ಕರಗಿ ಸೀಸದ ಗಟ್ಟಿಯಾದವು. ಕಾಗದದ ರಾಶಿ ಹೋಯಿತು. ಇವನ್ನೆಲ್ಲ ಹಣ ಕೊಟ್ಟು ಮತ್ತೆ ತರಬಹುದಿತ್ತು. ಹಸ್ತಪ್ರತಿಗಳ ಮಾತು ಹಾಗಲ್ಲ. ಕನ್ನಡ ಹೊಸ ಒಡಂಬಡಿಕೆ, ತೆಲುಗು ವ್ಯಾಕರಣ, ಪಂಜಾಬಿ ವ್ಯಾಕರಣದ ಬಹುಭಾಗ, ಕೇರಿ ಮತ್ತು ಮಾರ್ಷ್‌ಮನ್ ಸೇರಿ ಮಾಡುತ್ತಿದ್ದ ರಾಮಾಯಣದ ಅನುವಾದದ ಹಲವು ತಿಂಗಳ ಕೆಲಸ, ಸಂಸ್ಕೃತದಿಂದ ದೇಶಭಾಷೆಗಳಿಗೆ ಹರಡುವಂತೆ ಕೇರಿ ಬರೆಯುತ್ತಿದ್ದ ಮಹಾಕೋಶ ಎಲ್ಲವೂ ಬೂದಿಯಾದವು.

ಕೇರಿ ಅಂದು ಕಲ್ಕತ್ತೆಯಲ್ಲಿದ್ದ. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅವನಿಗೆ ಪಾಠವಿರುತ್ತಿತ್ತು. ಮಾರನೆಯ ಬೆಳಿಗ್ಗೆ ಸುದ್ದಿ ತಂದವನು ಮಾರ್ಷ್‌ಮನ್. ಕೇರಿ ಸೆರಾಂಪುರಕ್ಕೆ ಬರುವ ಹೊತ್ತಿಗೆ ವಾರ್ಡ್ ಬೂದಿ ಕೆದಕುತ್ತಿದ್ದ. ಅಕ್ಷರ ಕೆತ್ತಿದ ಉಕ್ಕಿನ ಮೂಲ ಅಚ್ಚುಗಳು ಕೆಡದೆ ಉಳಿದಿದ್ದವು, ಮುದ್ರಣಯಂತ್ರಗಳು ಉಳಿದಿದ್ದವು. ಬಾಡಿಗೆಯವರು ಕೆಲವೇ ದಿನಗಳ ಹಿಂದೆ ಬಿಟ್ಟುಕೊಟ್ಟಿದ್ದ ಗೋದಾಮೊಂದು ಪಕ್ಕದಲ್ಲೇ ಖಾಲಿಯಿತ್ತು. ಕರಗಿದ ಸೀಸವನ್ನು ಬೂದಿಯಿಂದ ಬಗೆದು ತೆಗೆದು, ಎರಕದವರನ್ನು ಹಗಲೂ ರಾತ್ರಿ ಪಾಳಿಯಲ್ಲಿ ಕೂರಿಸಿ, ಹೊಸ ಮೊಳೆಗಳನ್ನು ಎರೆಯಿಸತೊಡಗಿದರು. ಮುಂದಿನ ಭಾನುವಾರ ಕೇರಿ ಬೋಧನೆಗೆ ಆರಿಸಿಕೊಂಡದ್ದು ಸುಮ್ಮನಿದ್ದು ದೇವರನ್ನು ಅರಿಯಲು ಕರೆಯುವ 46ನೆಯ ಕೀರ್ತನೆಯನ್ನು. ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ ಎರಡು ತಿಂಗಳೊಳಗೆ ನಷ್ಟಕ್ಕೆ ಸರಿಸಮನಾದ ಹಣ ಅಲ್ಲಿ ಕೂಡಿತು.

ಕೇರಿ ಆಗ ಬರೆದ ಪತ್ರಗಳಲ್ಲಿ ನಷ್ಟವನ್ನು ಕಿರಿದುಮಾಡಿ ಹೇಳಿಲ್ಲ. ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಲ ನಡೆಯುವುದು ಮೊದಲಿಗಿಂತ ಸುಲಭ, ಹೆಜ್ಜೆಯೂ ಗಟ್ಟಿ ಎಂಬ ಭರವಸೆಯನ್ನು ಮಾತ್ರ ಅದರ ಪಕ್ಕದಲ್ಲಿಟ್ಟ. ಕನ್ನಡದ ಕೆಲಸ ಮತ್ತೆ ಮೊದಲಿನಿಂದ ಆರಂಭವಾಯಿತು. 1817ರಲ್ಲಿ ಅವನ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಯಿತು. 1820ರ ದಶಕದಲ್ಲಿ ಅಲ್ಲಿಂದಲೇ ಕನ್ನಡ ಹೊಸ ಒಡಂಬಡಿಕೆಯೂ ಹೊರಬಂತು. ಅದೇ ಕಾಲಕ್ಕೆ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಬೇರೆಯಾಗಿ ಕನ್ನಡಕ್ಕೆ ಅನುವಾದಿಸುತ್ತಿದ್ದ. ಮುಂದೆ ಕನ್ನಡಿಗರ ನಡುವೆ ಹೆಚ್ಚು ಬಳಕೆಗೆ ಬಂದದ್ದು ಆ ಪರಂಪರೆ. ಸಂಸ್ಕೃತದ ಮಹಾಕೋಶವನ್ನು ಕೇರಿ ಮತ್ತೆ ಕೈಗೆತ್ತಿಕೊಳ್ಳಲೇ ಇಲ್ಲ. ನಿರೀಕ್ಷೆಯಿಂದ ಹೋದದ್ದೆಲ್ಲ ಮರಳುತ್ತದೆ ಎಂದು ಹೇಳುವವರು ಆ ಕೋಶವನ್ನು ನೆನಪಿನಲ್ಲಿಡಬೇಕು.

ಇದೇ ಮನೆಯ ಇನ್ನೊಂದು ಕತೆಯನ್ನು ಸಭೆಗಳು ಬಹುಕಾಲ ತಗ್ಗಿದ ದನಿಯಲ್ಲಿ ಹೇಳಿಕೊಂಡು ಬಂದಿವೆ. ಕೇರಿಯ ಹೆಂಡತಿ ಡೊರೊಥಿಗೆ ಇಂಡಿಯಾಕ್ಕೆ ಬರುವ ಮನಸ್ಸಿರಲಿಲ್ಲ, ಕಡೆಗೆ ಒಪ್ಪಿ ಬಂದಳು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಆಕೆಯ ಮನಸ್ಸು ಕದಡಿತು, ಮತ್ತೆ ತಿಳಿಯಾಗಲಿಲ್ಲ. ಮೊದಲ ವಿಶ್ವಾಸಿಗಾಗಿ ಕೇರಿ ಏಳು ವರ್ಷ ಕಾದ ಮೇಲೆ, 1800ರ ಡಿಸೆಂಬರಿನಲ್ಲಿ, ಬಡಗಿ ಕೃಷ್ಣ ಪಾಲ್ ಹೂಗ್ಲಿಯಲ್ಲಿ ದೀಕ್ಷಾಸ್ನಾನ ಪಡೆದ. ಆ ದಿನ ಡೊರೊಥಿ ಒಂದು ಕೋಣೆಯಲ್ಲಿ ಕೂಗುತ್ತಿದ್ದಳು, ಆ ಬಡಗಿಯ ತೋಳನ್ನು ಕೂಡಿಸಿದ್ದ ವೈದ್ಯ ಜಾನ್ ಥಾಮಸ್ ಬುದ್ಧಿ ಕದಡಿ ಇನ್ನೊಂದು ಕೋಣೆಯಲ್ಲಿದ್ದ. ಕೇರಿ ಆ ಕೋಣೆಗಳ ನಡುವೆ ಹಾದು ಘಾಟಿಗೆ ಇಳಿದ. ಡೊರೊಥಿ ಗುಣವಾಗದೆ 1807ರಲ್ಲಿ ತೀರಿಕೊಂಡಳು. ಆಕೆಯ ನೋವನ್ನು ಗಂಡನ ಸಾಧನೆಗೆ ತೆತ್ತ ಬೆಲೆಯೆಂದು ಬರೆದವರುಂಟು. ಅದು ಆಕೆಗೆ ಮಾಡುವ ಅನ್ಯಾಯ. ಕೀರ್ತನೆಗಳಲ್ಲಿ 88ನೆಯದಕ್ಕೆ ಜಾಗವಿರುವುದು ಇಂಥ ಬದುಕುಗಳ ಸಲುವಾಗಿ. ತಾವು ನಂಬಲಾರದಷ್ಟು ದಣಿದವರ ಪರವಾಗಿ ಮಿಕ್ಕವರು ನಂಬುವುದು, ಅವರ ಬದಲಿಗೆ ಪ್ರಾರ್ಥಿಸುವುದು ಸಭೆಯ ಹೊಣೆ.

ಆ ಹೊಣೆಯನ್ನು ಸಭೆ ತನ್ನ ಪಂಚಾಂಗದಲ್ಲೇ ಇಟ್ಟುಕೊಂಡಿದೆ. ಪವಿತ್ರ ವಾರದಲ್ಲಿ ಕಥೋಲಿಕ ದೇವಾಲಯಗಳಲ್ಲಿ ಗುರುವಾರದ ಪೂಜೆ ಮುಗಿದ ಮೇಲೆ ಬಲಿಪೀಠದ ಬಟ್ಟೆ, ಮೋಂಬತ್ತಿ ಎಲ್ಲವನ್ನೂ ತೆಗೆದು ಬರಿದು ಮಾಡುತ್ತಾರೆ. ಶುಭ ಶುಕ್ರವಾರ ಬಲಿಪೂಜೆ ಇಲ್ಲ. ಶನಿವಾರ ಹಗಲೆಲ್ಲ ಗುಡಿ ಬರಿದು. ಯಾವ ಆರಾಧನೆಯೂ ತುಂಬದ ಆ ಹಗಲನ್ನು ಆತುರದಿಂದ ದಾಟಿಹೋಗಲು ಸಭೆ ಬಿಡುವುದಿಲ್ಲ. ರಾತ್ರಿ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಪಾಸ್ಖ ಮೋಂಬತ್ತಿಯನ್ನು ಕತ್ತಲೆಯ ದೇವಾಲಯದೊಳಗೆ ತರುತ್ತಾರೆ. ಅದರಿಂದ ಒಬ್ಬರು, ಅವರಿಂದ ಪಕ್ಕದವರು ತಮ್ಮ ಬತ್ತಿ ಹೊತ್ತಿಸಿಕೊಳ್ಳುತ್ತಾರೆ. ತಪಸ್ಸುಕಾಲದ ಆರಂಭದಲ್ಲಿ, ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡವರೇ ಇವರು. ಸತ್ತವರ ಸ್ಮರಣೆಯ ದಿನವಾದ ನವೆಂಬರ್ 2ರಂದು ಮಂಗಳೂರು, ಬೆಂಗಳೂರುಗಳ ಸ್ಮಶಾನಗಳಲ್ಲಿ ಗೋರಿಗಳನ್ನು ತೊಳೆದು, ಹೂವಿಟ್ಟು, ಮೋಂಬತ್ತಿ ಹಚ್ಚುವ ಕುಟುಂಬಗಳನ್ನು ಕಾಣಬಹುದು. ದುಃಖವನ್ನು ಹಂಚಿಕೊಳ್ಳಲು ವರ್ಷಕ್ಕೊಂದು ದಿನ ಗೊತ್ತಿರುವುದು ದೊಡ್ಡ ಆಸರೆ. ತಿಂಗಳುಗಳು ಕಳೆದ ಮೇಲೆ ಅಳುವವರನ್ನು ಯಾರೂ ವಿಚಾರಿಸದ ಕಾಲದಲ್ಲಂತೂ ಅದರ ಬೆಲೆ ಹೆಚ್ಚು.

ಎದೆಗುಂದುವಿಕೆ ಕೆಲವೊಮ್ಮೆ ಕಾಯಿಲೆಯಾಗಿರುತ್ತದೆ. ನಿದ್ದೆ ಊಟಗಳು ವಾರಗಟ್ಟಲೆ ಕೆಟ್ಟರೆ, ಯಾವುದರಲ್ಲೂ ರುಚಿ ಉಳಿಯದಿದ್ದರೆ, ಸಾವಿನ ಯೋಚನೆ ಬರತೊಡಗಿದರೆ ವೈದ್ಯರ ಬಳಿ ಹೋಗಬೇಕು. ಖಿನ್ನತೆಯನ್ನು ನಂಬಿಕೆಯ ಕೊರತೆಯೆಂದು ಪೀಠದಿಂದ ಸಾರುವುದು ಯೋಬನ ಗೆಳೆಯರು ಮಾಡಿದ ತಪ್ಪನ್ನೇ ಮಾಡಿದಂತೆ. ಅಡವಿಯಲ್ಲಿ ಎಲೀಯನಿಗೆ ರೊಟ್ಟಿ ತಂದ ದೇವರ ಕೈ ಔಷಧಿಯ ಚೀಟಿಯಲ್ಲಿಯೂ ಇರಬಲ್ಲದು. ಪ್ರಾರ್ಥನೆಗೂ ಮಾತ್ರೆಗೂ ಜಗಳವಿಲ್ಲ. ಭಾರತ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ, ಕನ್ನಡದಲ್ಲಿಯೂ, ಶುಲ್ಕವಿಲ್ಲದೆ ಮಾತಾಡಬಹುದು. ಪ್ರತಿ ಸಭೆಯೂ ಈ ಸಂಖ್ಯೆಯನ್ನು ಆರಾಧನೆಯ ವೇಳಾಪಟ್ಟಿಯ ಪಕ್ಕದಲ್ಲಿ ಬರೆದು ಹಾಕಲಿ. ಭಾನುವಾರಗಳಲ್ಲಿ ಕಾಣದಾದವರ ಮನೆಗೆ ಹೋಗುವವರು ಉಪದೇಶ ಬಿಟ್ಟು ಊಟದ ಬುತ್ತಿ ಹಿಡಿದು ಹೋಗಲಿ.