ಯಾತ್ರೆಯ ಗಂಟು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಾಹಿತ್ಯವನ್ನು ಕುರಿತು ನುಡಿಯಬೇಕಾದ ಈ ವೇದಿಕೆಯಲ್ಲಿ ಕನ್ನಡ ಪಂಡಿತನೊಬ್ಬನು ದುಡ್ಡಿನ ಮಾತನ್ನೆತ್ತುವುದು ತಮಗೆ ವಿಚಿತ್ರವೆನಿಸಬಹುದು. ಆದರೆ ಅಡಕೆ ಮಾರಿ ಕೂಡಿಟ್ಟ ಹಣವು ವಂಚಕರ ಪಾಲಾದ ಮನೆಯಲ್ಲಿ ಕಾವ್ಯವು ರುಚಿಸದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಅಜ್ಜಂದಿರು ಕಾಶಿಗೆ ಹೊರಟಾಗ ಹಣವನ್ನು ಸೊಂಟದಲ್ಲಿ ಸ್ವಲ್ಪ, ಹಾಸಿಗೆಯ ಸುರುಳಿಯಲ್ಲಿ ಸ್ವಲ್ಪ, ಹೀಗೆ ಹಂಚಿ ಕಟ್ಟಿಕೊಳ್ಳುತ್ತಿದ್ದರು. ಕಿಸೆಗಳ್ಳನಿಗೆ ಒಂದು ಗಂಟು ಸಿಕ್ಕಿದರೂ ಮತ್ತೊಂದು ಉಳಿಯುತ್ತಿತ್ತು. ಇಂದು ಸಮಸ್ತ ದ್ರವ್ಯವೂ ಒಂದೇ ಫೋನಿನೊಳಗಿದೆ. ಕಳ್ಳನಾದರೋ ಸಾವಿರ ಮೈಲಿಗಳಾಚೆ ಕುಳಿತಿರುತ್ತಾನೆ.

ಕಳೆದ ವರ್ಷ ನನ್ನ ಸೋದರಮಾವನವರು ಸಂಸಾರಸಮೇತರಾಗಿ ಕಾಶಿಗೆ ಹೊರಡಲು ಸಿದ್ಧರಾದರು. ವಸತಿಗಾಗಿ ಫೋನಿನಲ್ಲಿ ಹುಡುಕಿದಾಗ ಮೊದಲು ಕಂಡ ಜಾಲತಾಣದಲ್ಲಿ ಗಂಗೆಯ ಚಿತ್ರ, ಕೊಠಡಿಗಳ ಚಿತ್ರ, ಕೆಳಗೊಂದು ದೂರವಾಣಿ ಸಂಖ್ಯೆ. 6,000 ರೂಪಾಯಿ ಮುಂಗಡ ಕಳುಹಿಸಿದರು. ಮರುದಿನ ಒಬ್ಬನು ಹಿಂದಿಯಲ್ಲಿ ಮಾತನಾಡಿ, ಕೊಠಡಿಗಳು ತುಂಬಿವೆ, ಹಣ ಮರಳಿಸುತ್ತೇವೆ, ನಾವು ಕಳುಹಿಸುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎಂದನು. ಮಾವನವರಿಗೆ ತುಳು, ಕನ್ನಡ, ಮಲಯಾಳ ಮೂರೂ ಬರುತ್ತವೆ. ಹಿಂದಿ ಅರೆಬರೆ, ಪರದೆಯ ಮೇಲಿನ ಇಂಗ್ಲಿಷಂತೂ ತಿಳಿಯದು. ‘ಹಾಂ, ಹಾಂ’ ಎನ್ನುತ್ತಲೇ ಒತ್ತಿದರು. 48,000 ರೂಪಾಯಿ ಹೋಯಿತು.

2016ರಲ್ಲಿ ಬಳಕೆಗೆ ಬಂದ ಯುಪಿಐ ಪದ್ಧತಿಯಲ್ಲಿ ಶಿಲ್ಕು ನೋಡಲು ಪಿನ್ ಬೇಕು, ಹಣ ಕೊಡಲು ಪಿನ್ ಬೇಕು. ಪಡೆಯಲು ಬೇಡವೇ ಬೇಡ. ಈ ಒಂದು ಮಾತು ಅವರಿಗೆ ತಿಳಿದಿರಲಿಲ್ಲ. ಭೀಮ್ ಮೊದಲಾದ ಆ್ಯಪುಗಳನ್ನು ಕನ್ನಡದಲ್ಲಿಯೇ ಬಳಸಬಹುದೆಂಬುದನ್ನೂ ನಾವು ಯಾರೂ ಅವರಿಗೆ ಹೇಳಿರಲಿಲ್ಲ. ಭಾಷೆಗಾಗಿ ಇಷ್ಟು ಸಭೆಗಳನ್ನು ನಡೆಸುವ ನನಗೇ ಅದು ತೋಚಿರಲಿಲ್ಲವೆಂಬುದು ಇಂದಿಗೂ ನೋಯಿಸುತ್ತದೆ.

ಹಣ ಹೋದದ್ದಕ್ಕಿಂತ ಹೆಚ್ಚಿನ ಅನರ್ಥ ಮುಂದೆ ನಡೆಯಿತು. ಲಜ್ಜೆಯಿಂದ ಅವರು ಒಂಬತ್ತು ದಿನ ಅತ್ತೆಯವರಿಗೂ ಬಾಯಿ ಬಿಡಲಿಲ್ಲ. 1930 ಎಂಬ ಸಂಖ್ಯೆಗೆ ಒಡನೆಯೇ ತಿಳಿಸಿದ್ದರೆ, ಹಣವು ಖಾತೆಯಿಂದ ಖಾತೆಗೆ ಹರಿದು ಹೋಗುವ ಮುನ್ನ ಬ್ಯಾಂಕುಗಳು ಅದನ್ನು ತಡೆಹಿಡಿಯುವ ಸಂಭವವಿತ್ತು. ಗ್ರಾಹಕನ ಅಜಾಗರೂಕತೆಯಿಂದ ನಷ್ಟವಾದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ಹೊರೆ ಗ್ರಾಹಕನದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿಯೇ ವಿಧಿಸಿತ್ತು. ತಿಳಿಸಲು ಬಾಯಿ ಬೇಕಷ್ಟೆ!

ಇದು ಕಾಶಿಯೊಂದರ ಕಥೆಯಲ್ಲ. ಕೇದಾರದ ಹೆಲಿಕಾಪ್ಟರು, ಚಾರ್‌ಧಾಮದ ವಸತಿಗೃಹಗಳ ಹೆಸರಿನಲ್ಲಿ ನಕಲಿ ಜಾಲತಾಣಗಳಿವೆಯೆಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರವು 2025ರ ಏಪ್ರಿಲಿನಲ್ಲಿ ಯಾತ್ರಿಕರನ್ನು ಎಚ್ಚರಿಸಿತು. ರೈಲಿನ ವಿಷಯವೂ ಅಂತೆಯೇ: ಐಆರ್‌ಸಿಟಿಸಿಯಲ್ಲಿ ಕೊಂಡ ಟಿಕೇಟನ್ನು ರದ್ದುಗೊಳಿಸಿದರೆ ಸಲ್ಲಬೇಕಾದ ಹಣ ಕೊಟ್ಟ ಖಾತೆಗೇ ತಾನಾಗಿ ಮರಳುತ್ತದೆ; ಅದಕ್ಕಾಗಿ ಯಾರೂ ನಿಮ್ಮನ್ನು ಕರೆದು ಓಟಿಪಿ ಕೇಳಬೇಕಾದ ಪ್ರಮೇಯವಿಲ್ಲ.

ಮಾವನವರು ಈಗ ಅಜ್ಜಂದಿರ ಮಾರ್ಗಕ್ಕೇ ಮರಳಿದ್ದಾರೆ. ಪ್ರಯಾಣಕ್ಕೆಂದು ಬೇರೆಯೇ ಒಂದು ಖಾತೆ. ಅದರಲ್ಲಿ ದಾರಿಗೆ ಬೇಕಾದಷ್ಟೇ ಹಣ. ಫೋನಿಗೆ ಜೋಡಿಸಿದುದು ಅದೊಂದನ್ನೇ. ಅಡಕೆಯ ಹಣದ ಖಾತೆ ಫೋನನ್ನು ಕಂಡೇ ಇಲ್ಲ. ಸ್ವಲ್ಪ ನಗದು ಅತ್ತೆಯವರ ಚೀಲದಲ್ಲಿ. ಕಳೆದ ತಿಂಗಳು ಕಾಶಿಗೂ ಹೋಗಿ ಬಂದರು; ಗಂಗೆಯ ತಂಬಿಗೆ ನಮ್ಮ ಮನೆಗೂ ಬಂದಿದೆ.

ಊಟದ ಬಳಿಕ ನನ್ನ ಹತ್ತನೆಯ ತರಗತಿಯ ಮಕ್ಕಳು ಈ ಚಪ್ಪರದ ಪೂರ್ವದ ಮೂಲೆಯಲ್ಲಿ ಕುಳಿತಿರುತ್ತಾರೆ. ಫೋನನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಂಡು ಅವರ ಬಳಿಗೆ ಹೋಗಿರಿ. ಆ್ಯಪನ್ನು ಕನ್ನಡಕ್ಕೆ ಬದಲಿಸುವ ಬಗೆಯನ್ನು ತೋರಿಸುವರು, 1930ನ್ನು ಬರೆದುಕೊಡುವರು. ಪಿನ್ ಮಾತ್ರ ಆ ಮಕ್ಕಳಿಗೂ ಹೇಳಬೇಡಿರಿ.