ವ್ಯಾಮ್ ಹಾಕಿದ್ರೆ ದರಕು ಕೊಳೆಯುತ್ತಾ?

ಶಿಕಾರಿಪುರದ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್‌ನಿಂದ ಶುರು ಮಾಡ್ತೀನಿ. ಅವರು ವ್ಯಾಮ್ ಪ್ಯಾಕೆಟ್ ತಂದು ಅಡಿಕೆ ತೋಟದ ದರಕಿನ ರಾಶಿ ಮೇಲೆ ಉದುರಿಸಿದ್ದಾರೆ. ಎರಡು ತಿಂಗಳಾದ್ರೂ ರಾಶಿ ಹಾಗೇ ಇದೆಯಂತೆ. ದುಡ್ಡು ನೀರಲ್ಲಿ ಹೋಮ ಮಾಡಿದಂಗಾಯ್ತಾ ಅಂತ ಕೇಳ್ತಿದ್ದಾರೆ.

ಪಾಪ, ಪ್ಯಾಕೆಟ್ಟನ್ನ ಬೈದು ಪ್ರಯೋಜನ ಇಲ್ಲ. ವ್ಯಾಮ್ ಅಂದ್ರೆ ಮೈಕೋರೈಜಾ, ಬೇರಿನೊಳಗೆ ಬದುಕುವ ಶಿಲೀಂಧ್ರ. ಜೀವ ಇರೋ ಬೇರು ಸಿಗದಿದ್ರೆ ಬೆಳೆಯೋದೇ ಇಲ್ಲ. ಗಿಡ ಅದಕ್ಕೆ ಸಕ್ಕರೆ, ಕೊಬ್ಬು ಕೊಡುತ್ತೆ; ಅದು ಮಣ್ಣಿನಲ್ಲಿ ಹರಡಿದ ಎಳೆಗಳಿಂದ ರಂಜಕ ತಂದುಕೊಡುತ್ತೆ. ನಮ್ಮ ಕೆಂಪು ಮಣ್ಣಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂಗೆ ಅಂಟಿಕೊಂಡಿರುತ್ತೆ, ಹಾಗಾಗಿ ಇದು ಸಣ್ಣ ಉಪಕಾರ ಅಲ್ಲ. ಆದರೆ 2013ರಲ್ಲಿ ಈ ಗುಂಪಿನ ಒಂದು ಶಿಲೀಂಧ್ರದ ಜೀನೋಮ್ ಪ್ರಕಟವಾದಾಗ, ಎಲೆ-ಕಟ್ಟಿಗೆ ಕರಗಿಸುವ ಕಿಣ್ವಗಳ ಜೀನ್‌ಗಳು ಅದರಲ್ಲಿ ಇಲ್ಲ ಅನ್ನುವಷ್ಟು ಕಡಿಮೆ ಅಂತ ಗೊತ್ತಾಯ್ತು. ಬಡಿಸಿದ್ದು ಉಣ್ಣುತ್ತೆ, ಅಡುಗೆ ಬರಲ್ಲ!

ಗೊಂದಲಕ್ಕೆ ಕಾರಣ ಇದೆ. ಸ್ವೀಡನ್ ಕಡೆಯ ಚಳಿ ಕಾಡುಗಳಲ್ಲಿ ಪೈನ್ ಬೇರಿಗೆ ಹೊರಗಿಂದ ಕವಚದ ಹಾಗೆ ಸುತ್ತಿಕೊಳ್ಳುವ ಬೇರೆಯೇ ಮೈಕೋರೈಜಾ ಇದೆ. ಅದರಲ್ಲಿ ಕಾರ್ಟಿನೇರಿಯಸ್ ಅನ್ನೋ ಅಣಬೆ, ಕಟ್ಟಿಗೆ ಕೊಳೆಸುವ ಅಣಬೆಗಳ ಕಿಣ್ವವನ್ನೇ ಬಳಸಿ ಹಳೇ ಗೊಬ್ಬರದಿಂದ ಸಾರಜನಕ ಬಿಡಿಸಿಕೊಳ್ಳುತ್ತೆ. ಅದೇ ಕಾಡಿನ ಮಣ್ಣಲ್ಲಿ ಸೇರಿರುವ ಇಂಗಾಲದಲ್ಲಿ 50ರಿಂದ 70 ಶೇಕಡಾ ಬಂದಿರೋದು ಉದುರೆಲೆಯಿಂದಲ್ಲ, ಬೇರು ಮತ್ತು ಬೇರಿನ ಶಿಲೀಂಧ್ರಗಳಿಂದ ಅಂತ ಸ್ವೀಡನ್ನಿನ ಸರೋವರ ದ್ವೀಪಗಳ ಅಧ್ಯಯನ ಹೇಳಿತು. ಕಟ್ಟೋದೂ ಅವೇ, ಕೆಡವೋದೂ ಅವೇ.

ಸೊರಬದ ಕಾನಿಗೆ ಬನ್ನಿ. ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ಇವುಗಳ ಬಗ್ಗೆ ವರದಿ ಬರೆದಿದ್ದರು. ಮಳೆಗಾಲದಲ್ಲಿ ಅಲ್ಲಿ ಒದ್ದೆ ದರಕು ಎತ್ತಿದ್ರೆ ಬಿಳಿ ಬಲೆ ಕಾಣುತ್ತಲ್ಲ, ಅದು ಸಾಮಾನ್ಯವಾಗಿ ಬೇರಿನ ಹಂಗಿಲ್ಲದ, ಎಲೆ ತಿಂದೇ ಬದುಕುವ ಶಿಲೀಂಧ್ರ. ಜೊತೆಗೆ ಗೆದ್ದಲು, ಎರೆಹುಳು. ವ್ಯಾಮ್ ಎಳೆ ಬರಿಗಣ್ಣಿಗೆ ಕಾಣೋದೇ ಕಷ್ಟ. (ಕೊಳೆ ಅಂದ ಕೂಡಲೇ ಅಡಿಕೆಯ ಕೊಳೆರೋಗ ನೆನೆಸ್ಕೋಬೇಡಿ, ಅದನ್ನ ತರೋದು ನಿಜವಾದ ಶಿಲೀಂಧ್ರವೇ ಅಲ್ಲ.) ಹಾಗಾಗಿ ಕಾನಿನ ದರಕನ್ನ ಪೂರ್ತಿ ಗುಡಿಸಿ ತೋಟಕ್ಕೆ ತಂದ್ರೆ, ಕೊಳೆಸುವವರ ಊಟ, ಮನೆ ಎರಡೂ ಹೋಗುತ್ತೆ. ಅದು ನನಗೆ ಪ್ಯಾಕೆಟ್ ದುಡ್ಡಿಗಿಂತ ದೊಡ್ಡ ನಷ್ಟ ಅನ್ಸುತ್ತೆ.

ಶಿಕಾರಿಪುರದವರಿಗೆ ನನ್ನ ಉತ್ತರ: ರಾಶಿಗೆ ಸಗಣಿ ಬಗ್ಗಡ ಹಾಕಿ, ತೇವ ಆರದಂಗೆ ನೋಡ್ಕೊಳ್ಳಿ, ಆಗಾಗ ಮಗುಚಿ. ಹಳೇ ಗೊಬ್ಬರದ ಒಂದೆರಡು ಬುಟ್ಟಿ ಬೆರೆಸಿ. ಉಳಿದ ವ್ಯಾಮ್ ಅಡಿಕೆ ಸಸಿ ನೆಡುವಾಗ ಗುಂಡಿಯಲ್ಲಿ ಬೇರಿಗೆ ತಾಗೋ ಹಾಗೆ ಹಾಕಿ. ಮೆಕ್ಕೆಜೋಳದ ಬೇರಿಗೂ ಅದು ಕೂಡಿಕೊಳ್ಳುತ್ತೆ. ಆದ್ರೆ ಅದೇ ಗುಂಡಿಗೆ ಡಿಎಪಿ ಸುರೀಬೇಡಿ. ರಂಜಕ ಪುಕ್ಕಟೆ ಸಿಕ್ಕರೆ ಗಿಡ ವ್ಯಾಮ್‌ಗೆ ಸಕ್ಕರೆ ಕೊಡೋದು ಕಡಿಮೆ ಮಾಡುತ್ತೆ.